ಟ್ರಯಲ್ಸ್ ಸೈಕಲ್‌ಗೆ ಹೊಸ ಕ್ರ್ಯಾಂಕ್, ಹೊಸ ಬಿಬಿ: ಮಲ್ಪೆಯಲ್ಲಿ ನಾನು ಮಾಡಿದ ರೀತಿ

ಕಾಲು ನೆಲಕ್ಕಿಡದೆ ಕಲ್ಲಿನಿಂದ ಕಲ್ಲಿಗೆ ಹಾರಿಸುವ, ಸೀಟಿಲ್ಲದ ಸೈಕಲ್‌ಗೆ ಟ್ರಯಲ್ಸ್ ಸೈಕಲ್ ಅನ್ನುತ್ತಾರೆ. ಅದರ ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, ಎಷ್ಟು ಭಾರ ಹೊರುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. 70 ಕೆಜಿ ತೂಕದವನು 170 ಮಿಮೀ ಕ್ರ್ಯಾಂಕ್‌ನ ತುದಿಯಲ್ಲಿ ಒಂದೇ ಕಾಲಲ್ಲಿ ನಿಂತರೆ ತಿರುಚುವ ಬಲ ಸುಮಾರು 117 ನ್ಯೂಟನ್ ಮೀಟರ್. ನಮ್ಮ ಮುಂದಿನ ಹಲ್ಲುಚಕ್ರಕ್ಕೆ 18 ಹಲ್ಲು. ಮಧ್ಯದಿಂದ ಅಂಚಿಗೆ ಬರೀ 36 ಮಿಮೀ. ಹಾಗಾಗಿ ಚೈನ್ ಮೇಲೆ ಬೀಳುವ ಎಳೆತ 320 ಕೆಜಿಗೂ ಜಾಸ್ತಿ. ಅದೇ ಮನುಷ್ಯ 44 ಹಲ್ಲಿನ ಮಾಮೂಲಿ ಸೈಕಲ್ ಮೇಲೆ ಹಾಗೇ ನಿಂತರೆ 135 ಕೆಜಿ ಹತ್ತಿರ ಬರುತ್ತದೆ, ಅಷ್ಟೇ. ಇದು ಸುಮ್ನೆ ನಿಂತಾಗಿನ ಲೆಕ್ಕ. ಹಿಂದಿನ ಚಕ್ರದ ಮೇಲೆ ನಿಂತು, ಪೆಡಲ್ ಒದ್ದು, ಕಲ್ಲಿನಿಂದ ಕಲ್ಲಿಗೆ ಹಾರುವಾಗ ಇನ್ನೂ ಎಷ್ಟೋ ಪಟ್ಟು ಏರುತ್ತದೆ.

ಇನ್ನೊಂದು ವಿಷಯ ಉಂಟು. ಮಾಮೂಲಿ ಸೈಕಲ್‌ನಲ್ಲಿ ಫ್ರೀವೀಲ್ (ಮುಂದಕ್ಕೆ ತುಳಿದಾಗ ಮಾತ್ರ ಕಚ್ಚಿ, ಹಿಂದಕ್ಕೆ ಖಾಲಿ ತಿರುಗುವ ಭಾಗ) ಹಿಂದಿನ ಚಕ್ರದಲ್ಲಿರುತ್ತದೆ. ಟ್ರಯಲ್ಸ್‌ನಲ್ಲಿ ಅದು ಮುಂದೆ, ಬಲಗಡೆ ಕ್ರ್ಯಾಂಕ್‌ನ ಒಳಮೈಗೆ ಕೂರುತ್ತದೆ. ಬಲಗಾಲು ಮುಂದಿಟ್ಟು ಸವಾರಿ ಮಾಡುವವರ ಒದೆತ ಬಲ ಕ್ರ್ಯಾಂಕ್‌ನಿಂದ ನೇರವಾಗಿ ಫ್ರೀವೀಲ್‌ಗೆ ಹೋಗುತ್ತದೆ. ನಾನು ಎಡಗಾಲು ಮುಂದಿಡುವವನು. ನನ್ನ ಒದೆತ ಎಡ ಕ್ರ್ಯಾಂಕ್‌ಗೆ, ಅಲ್ಲಿಂದ ಎರಡೂ ಕ್ರ್ಯಾಂಕ್ ಜೋಡಿಸುವ ಆಕ್ಸಲ್‌ಗೆ, ಆಕ್ಸಲ್ ಪೂರ್ತಿ ದಾಟಿ ಬಲ ಕ್ರ್ಯಾಂಕ್‌ಗೆ, ಆಮೇಲೆ ಫ್ರೀವೀಲ್‌ಗೆ. ಎರಡು ಕಡೆಯ ಜೋಡಣೆಯೂ ಪ್ರತಿ ಸಲ ತಿರುಚಿಕೊಳ್ಳುತ್ತದೆ. ಎಡಗಾಲಿನವರ ಬಿಬಿ (ಬಾಟಮ್ ಬ್ರಾಕೆಟ್, ಅಂದರೆ ಆ ಆಕ್ಸಲ್ ಮತ್ತು ಅದರ ಬೇರಿಂಗ್‌ಗಳ ಜೋಡಣೆ) ಬೇಗ ಸವೆಯಲು ಇದೇ ಕಾರಣ ಅಂತ ನನಗೆ ಖಾತ್ರಿ. ನನ್ನ ಸೈಕಲ್‌ನಲ್ಲಿ ಎಡ ಕ್ರ್ಯಾಂಕ್‌ನ ಒಳಗೆ ಆಕ್ಸಲ್ ಕಚ್ಚಿಕೊಳ್ಳುವ ಗೀರುಗಳು ಅಗಲವಾಗಿದ್ದವು, ಬಲಗಡೆಯವು ಹೆಚ್ಚುಕಡಿಮೆ ಹೊಸದರ ಹಾಗೇ ಇದ್ದವು.

ಸವೆದದ್ದು ಗೊತ್ತಾದದ್ದು ಸದ್ದಿನಿಂದ. ಒದ್ದಾಗಲೆಲ್ಲ ಕಾಲಡಿಯಲ್ಲಿ ಒಂದು ಟಕ್. ಪೆಡಲ್ ಇರಬಹುದು, ಚೈನ್ ಇರಬಹುದು ಅಂತ ಒಂದೊಂದೇ ಬಿಚ್ಚಿ ನೋಡಿದೆ. ಕೊನೆಗೆ ಬ್ರೇಕ್ ಹಿಡಿದು, ಎರಡೂ ಕ್ರ್ಯಾಂಕ್ ಮಟ್ಟಸವಾಗಿಟ್ಟು ಎಡ ಪೆಡಲನ್ನು ಕೈಯಲ್ಲಿ ಒತ್ತಿದೆ. ಎಡ ಕ್ರ್ಯಾಂಕ್ ಕೂದಲೆಳೆಯಷ್ಟು ಅಲುಗಿತು, ಬಲದ್ದು ಅಲುಗಲಿಲ್ಲ. ಹಾಗಾದರೆ ಸಡಿಲ ಇರುವುದು ಆಕ್ಸಲ್‌ನ ತುದಿಯಲ್ಲೇ. ಇಂಥ ಕ್ರ್ಯಾಂಕನ್ನು ಬೋಲ್ಟ್ ಬಿಗಿ ಮಾಡಿ ಓಡಿಸುವುದು ಬೇಡ. ಅಲ್ಯೂಮಿನಿಯಂ ಒಮ್ಮೆ ಅಗಲವಾದರೆ ಮತ್ತೆ ಕೂಡಿಕೊಳ್ಳುವುದಿಲ್ಲ.

ಹೊಸದಕ್ಕೆ ಐಸಿಸ್ (ISIS) ಎಂಬ ಜೋಡಣೆಯ ನಮೂನೆಯದ್ದನ್ನೇ ಆರಿಸಿದೆ. ಆಕ್ಸಲ್ ತುದಿಯಲ್ಲಿ 10 ಗೀರುಗಳಿರುತ್ತವೆ, ಕ್ರ್ಯಾಂಕ್ ಅದರ ಮೇಲೆ ಹತ್ತಿ ಒಂದು ಅಂಚಿಗೆ ತಾಗಿ ನಿಲ್ಲುತ್ತದೆ. ಚೌಕ ಆಕ್ಸಲ್‌ಗಿಂತ ತಿರುಚುವ ಬಲವನ್ನು ಚೆನ್ನಾಗಿ ತಡೆಯುತ್ತದೆ. ಆಕ್ಸಲ್ ದಪ್ಪವಾದ್ದರಿಂದ ಬೇರಿಂಗ್ ಗುಂಡುಗಳಿಗೆ ಜಾಗ ಕಡಿಮೆ ಎಂಬುದು ಇದರ ಹಳೆಯ ದೂರು. ಆದರೆ ನಾವು ದಿನಕ್ಕೆ ಐವತ್ತು ಕಿಲೋಮೀಟರ್ ತುಳಿಯುವವರಲ್ಲ ಅಲ್ವಾ? ನಮಗೆ ಬೇಕಾದ್ದು ಒದೆತ ತಡೆಯುವ ಆಕ್ಸಲ್. ತರಿಸುವ ಮೊದಲು ವರ್ನಿಯರ್ ಹಿಡಿದು ಫ್ರೇಮ್‌ನ ಬಿಬಿ ಶೆಲ್, ಅಂದರೆ ಬಿಬಿ ಕೂರುವ ಕೊಳವೆ, ಎಷ್ಟು ಅಗಲ ಅಂತ ಅಳೆಯಿರಿ. ಸಾಮಾನ್ಯವಾಗಿ 68 ಅಥವಾ 73 ಮಿಮೀ. ನನ್ನದು 68, ಅದಕ್ಕೆ 128 ಮಿಮೀ ಆಕ್ಸಲ್.

ಹಳೆಯದನ್ನು ಬಿಚ್ಚುವುದೇ ನಮ್ಮ ಕರಾವಳಿಯಲ್ಲಿ ದೊಡ್ಡ ಕೆಲಸ. ನಾನು ಅಭ್ಯಾಸ ಮಾಡುವುದು ಕಡಲ ಬದಿಯ ತಡೆಗೋಡೆ ಕಲ್ಲುಗಳ ಮೇಲೆ, ಇಲ್ಲದಿದ್ದರೆ ಹಳೆಯ ಮುರಕಲ್ಲಿನ ಕೋರೆಯಲ್ಲಿ. ಒಂದು ಕಡೆ ಉಪ್ಪುಗಾಳಿ, ಇನ್ನೊಂದು ಕಡೆ ಕೆಂಪು ಹುಡಿ, ಮೇಲಿಂದ ನಾಲ್ಕು ತಿಂಗಳ ಮಳೆ. ಉಕ್ಕು ಮತ್ತು ಅಲ್ಯೂಮಿನಿಯಂ ಒಟ್ಟಿಗೆ ಇದ್ದು ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ಕಿತ್ತು ಬರುತ್ತದೆ. ಆ ಹುಡಿ ಥ್ರೆಡ್ ಮಧ್ಯೆ ತುಂಬಿಕೊಂಡರೆ ಬಿಬಿಯನ್ನು ಶೆಲ್‌ಗೆ ಬಿಗಿಯುವ ಕಪ್ ಜಪ್ಪಯ್ಯ ಅಂದರೂ ತಿರುಗುವುದಿಲ್ಲ.

ಮೊದಲು ಕ್ರ್ಯಾಂಕ್. ನಮ್ಮ ಊರಿನ ಸೈಕಲ್ ಅಂಗಡಿಗಳಲ್ಲಿ ಕಾಟರ್ ಪಿನ್ ಹಾಕುವ ಕ್ರ್ಯಾಂಕ್ ಬಿಚ್ಚುವ ಕೈಚಳಕ ಚೆನ್ನಾಗಿ ಇರುತ್ತದೆ, ಆದರೆ ಅಲ್ಲಿ ಸುತ್ತಿಗೆ ನಡೆಯುತ್ತದೆ. ಇಲ್ಲಿ ಸುತ್ತಿಗೆ ಬೇಡವೇ ಬೇಡ, ಕ್ರ್ಯಾಂಕನ್ನು ಎಳೆದು ತೆಗೆಯುವ ಪುಲ್ಲರ್ ಬೇಕು. ಅದೂ ಅಗಲ ತುದಿಯದ್ದು. ಚೌಕ ಆಕ್ಸಲ್‌ಗೆ ಮಾಡಿದ ಸಣ್ಣ ತುದಿಯ ಪುಲ್ಲರ್ ಹಾಕಿದರೆ ಅದು ಆಕ್ಸಲ್‌ನ ತೂತಿನೊಳಗೆ ಹೋಗಿ ಬೋಲ್ಟ್ ಥ್ರೆಡ್ ಹಾಳುಮಾಡುತ್ತದೆ. ಪುಲ್ಲರನ್ನು ಕ್ರ್ಯಾಂಕ್‌ನ ಥ್ರೆಡ್‌ಗೆ ಪೂರ್ತಿ ಕೊನೆಯವರೆಗೆ ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಪಾನಾ ಹಾಕಿ. ಅರ್ಧ ಕೂತ ಪುಲ್ಲರ್ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ.

ಕಪ್ ಬಿಚ್ಚುವಾಗ ದಿಕ್ಕು ನೆನಪಿರಲಿ. ಎಡಗಡೆ ಕಪ್ ಮಾಮೂಲಿ ಥ್ರೆಡ್. ಬಲಗಡೆ, ಅಂದರೆ ಚೈನ್ ಇರುವ ಕಡೆ, ಉಲ್ಟಾ ಥ್ರೆಡ್: ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಬೇರಿಂಗ್ ತಿರುಗುತ್ತಾ ಕಪ್ಪನ್ನು ನಿಧಾನವಾಗಿ ಸಡಿಲ ಮಾಡಬಾರದು ಅಂತ ಹೀಗೆ ಮಾಡಿದ್ದಾರೆ. ಹಿಂದಿನ ರಾತ್ರಿಯೇ ಎರಡೂ ಕಡೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸೈಕಲನ್ನು ಮೊದಲು ಒಂದು ಮಗ್ಗುಲಿಗೆ, ಆಮೇಲೆ ಇನ್ನೊಂದು ಮಗ್ಗುಲಿಗೆ ಮಲಗಿಸಿಟ್ಟೆ. ಐಸಿಸ್‌ಗೆ ಕಪ್ ಟೂಲ್ ಕೂಡ ಬೇರೆ, ದಪ್ಪ ಆಕ್ಸಲ್ ಒಳಗೆ ಹೋಗುವಷ್ಟು ದೊಡ್ಡ ತೂತು ಇರಬೇಕು. ಟೂಲ್ ಜಾರಿದರೆ ಕಪ್‌ನ ಹಲ್ಲು ಮುಗಿಯಿತು. ಅದಕ್ಕೇ ಹಳೆ ಕ್ರ್ಯಾಂಕ್ ಬೋಲ್ಟ್‌ಗೆ ಅಗಲ ವಾಷರ್ ಹಾಕಿ, ಟೂಲನ್ನು ಆಕ್ಸಲ್‌ಗೇ ಬಿಗಿದು, ಪಾನಾಕ್ಕೆ ಕಬ್ಬಿಣದ ಪೈಪ್ ತೂರಿಸಿ ನಿಧಾನವಾಗಿ ಭಾರ ಹಾಕಿದೆ. ಕಪ್ ಕದಲಿದ ಮೇಲೆ ಬೋಲ್ಟ್ ಸ್ವಲ್ಪ ಸಡಿಲಿಸಿಕೊಳ್ಳಬೇಕು, ಹೊರಗೆ ಬರಲು ಜಾಗ ಬೇಕಲ್ಲ.

ಶೆಲ್ ಒಳಗಿನಿಂದ ಕೆಂಪು ನೀರು, ಮರಳು, ಬಿಳಿ ಹುಡಿ ಬಂತು. ಚಿಮಿಣಿ ಎಣ್ಣೆಯಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್‌ನಿಂದ ಒಂದೊಂದೇ ಸುತ್ತು ತಿಕ್ಕಿದೆ. ಈ ಥ್ರೆಡ್ ಕೊರೆಯುವ ಉಪಕರಣ, ಟ್ಯಾಪ್, ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಬದಲಿಗೆ ಹಳೆಯ ಉಕ್ಕಿನ ಕಪ್ ತೆಗೆದುಕೊಂಡು, ಥ್ರೆಡ್‌ಗೆ ಅಡ್ಡವಾಗಿ ಹ್ಯಾಕ್ಸಾದಲ್ಲಿ ಗೀರು ಕೊಯ್ದರೆ ಅದೇ ಟ್ಯಾಪ್ ಕೆಲಸ ಮಾಡುತ್ತದೆ. ಎಣ್ಣೆ ಹಾಕಿ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಗೀರಿನಲ್ಲಿ ಕಸ ತುಂಬಿ ಬರುತ್ತದೆ. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕೊಟ್ಟದ್ದು ಇದಕ್ಕೇ, ಕೊಟ್ಟದ್ದು ಸರಿ ಅಂತಲೇ ಹೇಳುತ್ತೇನೆ. ಥ್ರೆಡ್ ಶುದ್ಧವಾಗಿದ್ದರೆ ಹೊಸ ಕಪ್ ಬರೀ ಬೆರಳಲ್ಲಿ ಕೊನೆಯ ಒಂದೆರಡು ಸುತ್ತಿನವರೆಗೆ ಹೋಗುತ್ತದೆ. ಬೆರಳಲ್ಲಿ ಹೋಗದಿದ್ದರೆ ಪಾನಾ ಎತ್ತಬೇಡಿ, ಮತ್ತೆ ಬ್ರಷ್ ಎತ್ತಿ.

ಹಳೆ ಕ್ರ್ಯಾಂಕ್‌ನಿಂದ ಫ್ರೀವೀಲ್ ಬಿಚ್ಚಲು ದೊಡ್ಡ ವೈಸ್ ಬೇಕಿತ್ತು. ಒದ್ದಷ್ಟೂ ಬಿಗಿಯಾಗುವ ಥ್ರೆಡ್ ಅದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಆ 61 ದಿನ ಮಲ್ಪೆ ಬಂದರಿನ ಸುತ್ತ ಎಲ್ಲ ಕಡೆ ರಿಪೇರಿ ಕೆಲಸ. ಪರಿಚಯದ ದೋಣಿ ಮೆಕ್ಯಾನಿಕ್ ಅಣ್ಣನ ಶೆಡ್‌ಗೆ ಹೋದೆ. "ಎಂತ ಮಾರಾಯ, ಇದಕ್ಕೆ ಸೀಟೇ ಇಲ್ವಾ?" ಅಂತ ಕೇಳಿದರು. ರಿಮೂವರನ್ನು ವೈಸ್‌ಗೆ ಕಚ್ಚಿಸಿ, ಫ್ರೀವೀಲ್ ಕೆಳಗೆ ಬರುವ ಹಾಗೆ ಕ್ರ್ಯಾಂಕ್ ಕೂರಿಸಿ, ಕ್ರ್ಯಾಂಕನ್ನೇ ಹಿಡಿಕೆ ಮಾಡಿಕೊಂಡು ಗಡಿಯಾರದ ವಿರುದ್ಧ ದಿಕ್ಕಿಗೆ ಇಬ್ಬರೂ ಎಳೆದೆವು. ಬಿಟ್ಟಿತು. ಹೊರಡುವಾಗ ಅವರು ಡಬ್ಬಿಯಿಂದ ನೀರಿಗೆ ಜಗ್ಗದ ದೋಣಿ ಗ್ರೀಸ್ ಒಂದು ಮುಷ್ಟಿ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಕೊಟ್ಟರು. "ಅಂಗಡಿ ಗ್ರೀಸ್ ಮಳೆಗೆ ತೊಳೆದು ಹೋಗ್ತದೆ. ಇದು ಹಾಕು, ಪಿಟ್ಟಾಸಿತನ ಮಾಡ್ಬೇಡ." ನಾನು ಮಾಡಲಿಲ್ಲ. ಶೆಲ್‌ನ ಥ್ರೆಡ್, ಕಪ್‌ನ ಅಂಚು, ಫ್ರೀವೀಲ್‌ನ ಥ್ರೆಡ್, ಬೋಲ್ಟ್, ಪೆಡಲ್, ಎಲ್ಲದಕ್ಕೂ ಧಾರಾಳವಾಗಿ ಹಚ್ಚಿದೆ. ಆಕ್ಸಲ್‌ನ ಗೀರುಗಳಿಗೆ ಮಾತ್ರ ಬೆರಳಲ್ಲಿ ಸವರಿದಷ್ಟು ತೆಳು ಪದರ.

ಬಿಬಿಯನ್ನು ಬಲಗಡೆಯಿಂದ ಹಾಕಿ, ಅಂಚು ಶೆಲ್‌ಗೆ ತಾಗುವವರೆಗೆ ತಿರುಗಿಸಿ, ಆಮೇಲೆ ಎಡ ಕಪ್. ಬಿಗಿ ಮಾಡುವ ಮೊದಲು ಚೈನ್ ಸಾಲು ನೋಡಿದೆ: ಬಲ ಕ್ರ್ಯಾಂಕನ್ನು ತಾತ್ಕಾಲಿಕವಾಗಿ ಕೂರಿಸಿ, ಮುಂದಿನ ಹಲ್ಲುಚಕ್ರದಿಂದ ಹಿಂದಿನದಕ್ಕೆ ಉಕ್ಕಿನ ಸ್ಕೇಲ್ ಹಿಡಿದೆ. ಮುಂದಿನದು ಸ್ವಲ್ಪ ಒಳಗಿತ್ತು. ಬಲ ಕಪ್‌ನ ಅಂಚಿನ ಕೆಳಗೆ 1 ಮಿಮೀ ಸ್ಪೇಸರ್ ಹಾಕಿದ ಮೇಲೆ ಸರಿ ಬಂತು. 320 ಕೆಜಿ ಎಳೆಯುವ ಚೈನ್ ಓರೆಯಾಗಿದ್ದರೆ ಹಲ್ಲಿನಿಂದ ಹಾರುತ್ತದೆ, ಹಾರಿದ ಕ್ಷಣ ಎದೆ ಹ್ಯಾಂಡಲ್ ಮೇಲೆ.

ಬಿಗಿ ಎಷ್ಟು? ಕಪ್‌ಗೂ ಕ್ರ್ಯಾಂಕ್ ಬೋಲ್ಟ್‌ಗೂ ನಾನು 50 ನ್ಯೂಟನ್ ಮೀಟರ್ ಆಸುಪಾಸು ಇಟ್ಟುಕೊಂಡೆ. ನಿಮ್ಮ ಭಾಗದ ಜೊತೆ ಬಂದ ಕಾಗದದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ. ಟಾರ್ಕ್ ರೆಂಚ್ ಇಲ್ಲದಿದ್ದರೂ ಆಗುತ್ತದೆ. ಬೋಲ್ಟ್‌ನ ನಡುವಿನಿಂದ ಸರಿಯಾಗಿ 50 ಸೆಂಮೀ ದೂರದಲ್ಲಿ ಹಿಡಿಕೆಗೆ ಗುರುತು ಮಾಡಿ, ಅಲ್ಲಿಗೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಹಿಡಿಕೆಗೆ ಲಂಬವಾಗಿ ಎಳೆಯಿರಿ. ಮುಳ್ಳು 10 ಕೆಜಿ ತೋರಿಸಿದರೆ 49 ನ್ಯೂಟನ್ ಮೀಟರ್. ಮೀನು ತೂಗುವ ತಕ್ಕಡಿ ನಮ್ಮಲ್ಲಿ ಯಾವ ಮನೆಯಲ್ಲಿ ಸಿಗುವುದಿಲ್ಲ ಹೇಳಿ. ಕೈ ಅಂದಾಜಿಗಿಂತ ಇದು ಎಷ್ಟೋ ಮೇಲು, ಯಾಕೆಂದರೆ ಕೈ ದಣಿದಷ್ಟೂ ಅಂದಾಜು ಕೆಡುತ್ತದೆ.

ಫ್ರೀವೀಲ್ ಮಾತ್ರ ಕ್ರ್ಯಾಂಕ್ ಹಾಕುವ ಮೊದಲೇ ಕೂರಿಸಬೇಕು, ಆಮೇಲೆ ಕೈ ಹೋಗುವುದಿಲ್ಲ. ಕೈಬಿಗಿ ಸಾಕು, ಉಳಿದದ್ದನ್ನು ಕಾಲು ಮಾಡುತ್ತದೆ. ಹಳೆಯದು ಒಂದು ಸುತ್ತಿನಲ್ಲಿ 72 ಕಡೆ ಕಚ್ಚುವಂಥದ್ದು, ಅಂದರೆ ಪ್ರತಿ 5 ಡಿಗ್ರಿಗೆ ಒಮ್ಮೆ. 170 ಮಿಮೀ ತುದಿಯಲ್ಲಿ ಅದು ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್ ಖಾಲಿ ಓಟ. 108 ಕಡೆ ಕಚ್ಚುವುದರಲ್ಲಿ ಒಂದೇ ಸೆಂಟಿಮೀಟರ್. ಆಸೆ ಆಯಿತು, ಆದರೆ ಹಳೆಯದು ಗಟ್ಟಿಯಾಗಿಯೇ ಇತ್ತು, ಅದನ್ನೇ ಹಾಕಿದೆ. ದುಡ್ಡು ಖರ್ಚು ಮಾಡುವುದಾದರೆ ಮೊದಲು ಆಕ್ಸಲ್‌ಗೆ ಮಾಡಿ.

ಚೈನ್ ಬಿಗಿ ನೋಡುವಾಗ ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗಿಸಿ. ಹಲ್ಲುಚಕ್ರ ಪೂರ್ತಿ ದುಂಡಗೆ ಇರುವುದಿಲ್ಲ, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಬರುತ್ತದೆ. ಬಿಗಿಯಾದ ಜಾಗಕ್ಕೆ ಹೊಂದಿಸಿ ಹಿಂದಿನ ಚಕ್ರವನ್ನು ಸರಿಸಿ ಚೈನ್ ಬಿಗಿ ಮಾಡುವ ಸ್ನೇಲ್ ಕ್ಯಾಮ್ ಬಿಲ್ಲೆ ಎರಡನ್ನೂ ಒಂದೇ ಗುರುತಿಗೆ ತಿರುಗಿಸಿ.

ಮೊದಲ ಸವಾರಿಯಲ್ಲಿ ದೊಡ್ಡ ಹಾರಾಟ ಬೇಡ. ಮನೆಯಂಗಳದಲ್ಲಿ ಹಿಂಬದಿ ಚಕ್ರದ ಮೇಲೆ ಒಂದಷ್ಟು ಕುಪ್ಪಳಿಸಿ, ಒಳಗೆ ತಂದು ಎರಡೂ ಬೋಲ್ಟ್‌ಗೆ ಮತ್ತೆ ತಕ್ಕಡಿ ಹಾಕಿ. ನನ್ನ ಎಡ ಬೋಲ್ಟ್ ಇನ್ನೊಂದು ಚೂರು ತಿರುಗಿತು, ಬಲದ್ದು ಕದಲಲಿಲ್ಲ. ಅದಾದ ಮೇಲೆ ತಡೆಗೋಡೆಯ ಕಲ್ಲುಗಳಿಗೆ ಹೋದೆ. ಟಕ್ ಸದ್ದು ಇಲ್ಲ. ಈಗ ಮಳೆಗಾಲ ಮುಗಿದ ಕೂಡಲೇ ಎಡ ಕ್ರ್ಯಾಂಕ್ ತೆಗೆದು, ಗೀರು ಒರೆಸಿ, ಗ್ರೀಸ್ ಸವರಿ ಮತ್ತೆ ಕೂರಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಅಗಲ ತುದಿಯ ಪುಲ್ಲರ್, ದೊಡ್ಡ ತೂತಿನ ಕಪ್ ಟೂಲ್, ಫ್ರೀವೀಲ್ ರಿಮೂವರ್ ಮೂರೂ ನನ್ನ ಹತ್ತಿರ ಉಂಟು. ಮಲ್ಪೆ, ಉಡುಪಿ ಕಡೆ ಯಾರಿಗಾದರೂ ಬೇಕಾದರೆ ಕೇಳಿ, ಕೊಡುತ್ತೇನೆ.