ತಿರುಗುವಾಗ ಮಂಡಿ ಒಳಗೆ ವಾಲುತ್ತಿದ್ದುದು ಸರಿಹೋಯಿತು

ಓಡುತ್ತಾ ಎಡಕ್ಕೆ 90 ಡಿಗ್ರಿ ತಿರುಗುವಾಗ ಬಲ ಮಂಡಿ ಒಳಗೆ ವಾಲುತ್ತಿತ್ತು, ವೇಗವೂ ಸಾಯುತ್ತಿತ್ತು. ತೊಡೆಗೆ ಬಲ ಸಾಲದೆಂದು ಸ್ಕ್ವಾಟ್ ಹೆಚ್ಚಿಸಿದರೂ ಫಲ ಸಿಗಲಿಲ್ಲ. ಫೋನನ್ನು ಎದುರಿಗಿಟ್ಟು ಸೆಕೆಂಡಿಗೆ 240 ಫ್ರೇಮ್‌ನಲ್ಲಿ ವಿಡಿಯೊ ತೆಗೆದಾಗ ಕಾರಣ ಕಂಡಿತು: ಬ್ರೇಕ್ ಹಾಕುವ ಕೆಲಸವೆಲ್ಲ ತಿರುಗಲು ಬಲಗಾಲು ಊರುವ ಕೊನೆಯ ಹೆಜ್ಜೆಯ ಮೇಲೇ ಬೀಳುತ್ತಿತ್ತು. ಮಂಡಿ ನೆಟ್ಟಗೆ, ಪಾದ ಸೊಂಟದಿಂದ ತೀರಾ ಹೊರಗೆ, ಎದೆ ಬಲಕ್ಕೆ ವಾಲಿತ್ತು. ಈ ಮೂರೂ ಸೇರಿದರೆ ನೆಲದ ಪ್ರತಿಬಲ (ನೆಲ ಪಾದವನ್ನು ಮರಳಿ ತಳ್ಳುವ ಬಲ) ಮಂಡಿಯ ಹೊರಬದಿಯಲ್ಲಿ ಹಾದು ಅದನ್ನು ಒಳಕ್ಕೆ ತಳ್ಳುತ್ತದೆ. ಎಸಿಎಲ್ (ಮಂಡಿಯೊಳಗಿನ ಒಂದು ಮುಖ್ಯ ಅಸ್ಥಿರಜ್ಜು) ಹರಿಯುವ ಅಪಾಯ ಇರುವುದೂ ಇಲ್ಲೇ.

ಸರಿಪಡಿಸಬೇಕಾದದ್ದು ಆ ಕೊನೆಯ ಹೆಜ್ಜೆಗಿಂತ ಹಿಂದಿನ ಹೆಜ್ಜೆಯನ್ನು. ಎಡಗಾಲು ಊರಿದಾಗಲೇ ಸೊಂಟ ಇಳಿಸಿ, ಮಂಡಿ ಚೆನ್ನಾಗಿ ಮಡಿಸಿ ವೇಗ ಕಡಿಮೆ ಮಾಡಬೇಕು. ಆಮೇಲೆ ಬಲಗಾಲಿಗೆ ಹೆಚ್ಚಾಗಿ ಉಳಿಯುವುದು ತಳ್ಳುವ ಕೆಲಸ. ಪಾದವನ್ನು ತೀರಾ ಒಳಗೆ ತರಬೇಡಿ, ಹೊರಗಿಡದೆ ಪಕ್ಕಕ್ಕೆ ತಳ್ಳಲಾಗದು. ಎದೆ ಮಾತ್ರ ಹೋಗುವ ದಿಕ್ಕಿಗೆ ತಿರುಗಿರಲಿ.

ಅಭ್ಯಾಸಕ್ಕೆ 5 ಮೀಟರ್ ಓಟ ಸಾಕು. ಎರಡು ವಾರ 45 ಡಿಗ್ರಿ, ಆಮೇಲೆ 90. ಪ್ರತಿ ಬದಿಗೆ 5 ಸಲ, ನಡುವೆ 1 ನಿಮಿಷ ವಿಶ್ರಾಂತಿ. 45 ಡಿಗ್ರಿಗೆ ಇಷ್ಟು ಬ್ರೇಕ್ ಬೇಡ, ವೇಗ ವ್ಯರ್ಥ. ಕೊನೆಗೆ ಜೊತೆಗಾರ ತಡವಾಗಿ ಕೈ ತೋರಿಸಿದ ದಿಕ್ಕಿಗೆ ತಿರುಗಿ ನೋಡಿ: ದಿಕ್ಕು ಮೊದಲೇ ಗೊತ್ತಿಲ್ಲದಾಗ ಹಳೆಯ ತಪ್ಪು ಮರಳುತ್ತದೆ.