ಹಿಚ್ ಮೇಲೆ 350, ಕಾರಿನ ಪುಸ್ತಕದಲ್ಲಿ 150

ಊರಲ್ಲಿ ಓದುವವರಿಗೆ ಗೊಂದಲ ಆಗಬಾರದು ಅಂತ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿ ಬೈಕ್ ಅಂದರೆ ಸೈಕಲ್ಲು. ಇ-ಬೈಕ್ ಅಂದರೆ ಬ್ಯಾಟರಿ, ಮೋಟರ್ ಇರುವ ಸೈಕಲ್ಲು. ಸೈಕಲ್ಲೇ ಆದರೂ ತೂಕದಲ್ಲಿ ಅದು ಬೇರೆ ಜಾತಿ.

ನನಗೊಂದು, ನನ್ನ ಹೆಂಡತಿಗೊಂದು ಇ-ಬೈಕ್ ತಗೊಂಡೆವು. ಮಾಂಟರೆಗೆ ಹೋಗಿ ಸಮುದ್ರದ ಪಕ್ಕದ ದಾರಿಯಲ್ಲಿ ಓಡಿಸಬೇಕು ಅನ್ನುವುದು ಆಸೆ. ಕ್ಯಾಸ್ಟ್ರೋವಿಲ್‌ನಿಂದ ಪೆಸಿಫಿಕ್ ಗ್ರೋವ್‌ವರೆಗೆ 18 ಮೈಲಿ ಉದ್ದದ ದಾರಿ ಅದು. ನಮ್ಮ ಕಾರು ಮಧ್ಯಮ ಗಾತ್ರದ ಎಸ್‌ಯುವಿ. ಅದರ ಹಿಂದೆ ಹಿಚ್ ಹಾಕಿಸಿದೆ. ಹಿಚ್ ಅಂದರೆ ಟ್ರೇಲರ್ ಎಳೆಯಲು ಕಾರಿನ ಅಡಿಗೆ ಬೋಲ್ಟ್ ಮಾಡುವ ಕಬ್ಬಿಣದ ತೊಲೆ. ಅದರ ನಡುವೆ ಚೌಕದ ಕೊಳವೆ ಇರುತ್ತದೆ. ಅದರೊಳಗೆ ಸೈಕಲ್ಲು ಹೊರುವ ರ‍್ಯಾಕಿನ ಕೋಲು ತೂರಿಸಿ, ಅಡ್ಡ ಪಿನ್ ಹಾಕಬೇಕು. ನನ್ನದು ಒಂದೂಕಾಲು ಇಂಚಿನ ಕೊಳವೆ. ಕೊಂಡ ರ‍್ಯಾಕ್ ಎರಡು ಇಂಚಿನದು. ನಡುವೆ ಅಡಾಪ್ಟರ್ ಹಾಕಿದೆ.

ಹಿಚ್ ಮೇಲಿನ ಸ್ಟಿಕ್ಕರಿನಲ್ಲಿ ಎರಡು ಅಂಕಿ ಇದ್ದವು: 3,500 ಪೌಂಡ್, 350 ಪೌಂಡ್. ಮೊದಲನೆಯದು ಎಳೆಯಬಹುದಾದ ಟ್ರೇಲರಿನ ತೂಕ. ಎರಡನೆಯದು ಟಂಗ್ ವೆಯ್ಟ್, ಅಂದರೆ ಹಿಚ್ ಮೇಲೆ ನೇರವಾಗಿ ಕೆಳಕ್ಕೆ ಬೀಳಬಹುದಾದ ಭಾರ. ಎರಡು ಸೈಕಲ್ಲು, ಒಂದು ರ‍್ಯಾಕು, ಎಲ್ಲಾ ಸೇರಿ 200 ಪೌಂಡ್ ದಾಟಲ್ಲ, ಮಿತಿ 350 ಇದೆ, ಸಾಕಲ್ವಾ ಅಂದುಕೊಂಡೆ. ಹಿಚ್ ಹಾಕಿದ ಅಂಗಡಿಯವರೂ ಏನೂ ಆಗಲ್ಲ ಅಂದರು.

ಶನಿವಾರ ಬೆಳಿಗ್ಗೆ ಹೊರಟೆವು. 101 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುವಾಗ ಸ್ಟಿಯರಿಂಗ್ ಯಾಕೋ ಹಗುರ ಅನ್ನಿಸಿತು. ಕಾಂಕ್ರೀಟ್ ರಸ್ತೆಯ ಜೋಡಣೆ ದಾಟುವಾಗೆಲ್ಲ ಕಾರಿನ ಮೂಗು ಸ್ವಲ್ಪ ಎದ್ದು ಕೂತ ಹಾಗೆ ಆಗುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಸೈಕಲ್ಲುಗಳು ಮೇಲೆ ಕೆಳಗೆ ತೂಗುತ್ತಿದ್ದವು. "ರೀ, ಹಿಂದೆ ಬರ್ತಿರೋ ಕಾರಿನವರು ದೂರ ಸರಿದುಬಿಟ್ರು ನೋಡಿ," ಅಂದಳು ಹೆಂಡತಿ. ಗಿಲ್ರಾಯ್‌ನಲ್ಲಿ ಹೆದ್ದಾರಿಯಿಂದ ಇಳಿದು ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಬೆಳ್ಳುಳ್ಳಿಗೆ ಹೆಸರಾದ ಊರು ಅದು, ಗಾಳಿಯಲ್ಲೆಲ್ಲ ಅದರ ವಾಸನೆ. ಪಿನ್ ಹತ್ತಿರ ಕೂತು ನೋಡಿದರೆ ಅಡಾಪ್ಟರಿನ ತುದಿ ಕೊಳವೆಯ ಅಂಚಿಗೆ ಉಜ್ಜಿ, ಕಪ್ಪು ಬಣ್ಣ ಕಿತ್ತು ಹೊಳೆಯುವ ಲೋಹ ಕಾಣುತ್ತಿತ್ತು. ಬೆರಳಿಟ್ಟರೆ ಗೀರು ತಗುಲುತ್ತಿತ್ತು. ಹೊರಟು ಒಂದು ಗಂಟೆಯೂ ಆಗಿರಲಿಲ್ಲ.

ಅಲ್ಲೇ ಕೂತು ಡ್ಯಾಶ್‌ಬೋರ್ಡಿನಿಂದ ಕಾರಿನ ಪುಸ್ತಕ ತೆಗೆದೆ. ನನ್ನ ಕಾರಿಗೆ ಟ್ರೇಲರ್ ಮಿತಿ 1,500 ಪೌಂಡ್. ಟಂಗ್ ವೆಯ್ಟ್ 150 ಪೌಂಡ್, ಅಂದರೆ 68 ಕಿಲೋ. ಟ್ರೇಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಹಿಚ್ ಮೇಲೆ ಬೀಳುವುದು ವಾಡಿಕೆ, ಹಾಗಾಗಿ ಈ ಎರಡು ಅಂಕಿಗಳು ಜೋಡಿಯಾಗಿ ಬರುತ್ತವೆ. ಸ್ಟಿಕ್ಕರಿನ 350 ಆ ಕಬ್ಬಿಣದ ತಾಕತ್ತು. ಅದನ್ನು ಬೋಲ್ಟ್ ಮಾಡಿದ ಕಾರಿನ ತಾಕತ್ತು 150 ಅಷ್ಟೆ. ಹಿಚ್ ಎಷ್ಟೇ ದೊಡ್ಡದು ಹಾಕಿಸಿದರೂ ಕಾರಿನ ಅಂಕಿ ಏರುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಇಳಿದಿದ್ದೆ. ಆ ಹೊತ್ತಿನ ಭಯ ಇವತ್ತಿಗೂ ನೆನಪಿದೆ. ಬಲಗಡೆಯ ಲೇನಿನಲ್ಲೇ ನಿಧಾನವಾಗಿ ಮನೆಗೆ ವಾಪಸ್ ಬಂದೆವು.

ಮರುದಿನ ಗ್ಯಾರೇಜಿನಲ್ಲಿ ಬಾತ್‌ರೂಮಿನ ತೂಕದ ಮಷೀನ್ ಇಟ್ಟುಕೊಂಡು ಎಲ್ಲವನ್ನೂ ತೂಗಿದೆ. ಇ-ಬೈಕನ್ನು ಎತ್ತಿ ಹಿಡಿದು ಮಷೀನ್ ಮೇಲೆ ನಿಲ್ಲುವುದು ಕಷ್ಟ, ಸೊಂಟ ಹಿಡಿಯುತ್ತದೆ. ಸುಲಭದ ದಾರಿ ಇದೆ. ಮಷೀನಿನಷ್ಟೇ ದಪ್ಪದ ಹಲಗೆಯನ್ನು ಒಂದು ಚಕ್ರಕ್ಕೆ ಕೊಟ್ಟು, ಇನ್ನೊಂದು ಚಕ್ರವನ್ನು ಮಷೀನ್ ಮೇಲೆ ಇಡಿ. ಸೈಕಲ್ಲು ನೆಟ್ಟಗೆ ನಿಲ್ಲುವಷ್ಟು ಮಾತ್ರ ಬೆರಳು ತಾಗಿಸಿ. ಅಂಕಿ ಬರೆದುಕೊಂಡು, ಚಕ್ರ ಅದಲು ಬದಲು ಮಾಡಿ ಇನ್ನೊಂದು ಸಲ ತೂಗಿ. ಎರಡನ್ನೂ ಕೂಡಿದರೆ ಪೂರ್ತಿ ತೂಕ. ನನ್ನದು ಮುಂದೆ 29, ಹಿಂದೆ 43, ಒಟ್ಟು 72 ಪೌಂಡ್. ಹೆಂಡತಿಯದು 60. ರ‍್ಯಾಕ್ 54. ಅಡಾಪ್ಟರ್ 6. ಎಲ್ಲಾ ಸೇರಿ 192. ಕಾರಿನ ಮಿತಿಗಿಂತ 42 ಪೌಂಡ್ ಜಾಸ್ತಿ. ಸಾಲದ್ದಕ್ಕೆ ರ‍್ಯಾಕಿನ ಸೈಕಲ್ಲು ಕೂರುವ ಒಂದೊಂದು ಟ್ರೇಗೂ 60 ಪೌಂಡ್ ಅಂತ ಬೇರೆ ಮಿತಿ ಇತ್ತು. ನನ್ನ ಬೈಕು ಅದನ್ನೂ ಮೀರಿತ್ತು.

ತೂಕ ಅರ್ಧ ಕತೆ ಮಾತ್ರ. ಭಾರ ಎಷ್ಟು ದೂರದಲ್ಲಿದೆ ಅನ್ನುವುದು ಇನ್ನರ್ಧ. ಹಾಸನದ ಹತ್ತಿರ ನಮ್ಮ ಹಳ್ಳಿಯಲ್ಲಿ ಅಜ್ಜಿ ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಇಟ್ಟುಕೊಂಡು ಬಾವಿಯಿಂದ ಬರುತ್ತಿದ್ದರು. ಅದೇ ಕೊಡವನ್ನು ಕೈ ಚಾಚಿ ಹಿಡಿ ಅಂದರೆ ಯಾರಿಂದ ಆಗುತ್ತದೆ? ಟ್ರೇಲರ್ ಎಳೆಯುವಾಗ ಭಾರ ಬೀಳುವ ಗುಂಡು, ಅಂದರೆ ಟ್ರೇಲರ್ ಸಿಕ್ಕಿಸುವ ಲೋಹದ ಚೆಂಡು, ಪಿನ್ನಿನಿಂದ ಒಂಬತ್ತು ಇಂಚಿನ ಆಸುಪಾಸಿನಲ್ಲಿ ಇರುತ್ತದೆ. ಟೇಪ್ ಹಿಡಿದು ನೋಡಿದೆ. ನನ್ನ ರ‍್ಯಾಕಿನ ಒಳಗಿನ ಟ್ರೇ ಪಿನ್ನಿನಿಂದ 17 ಇಂಚು, ಹೊರಗಿನದು 29 ಇಂಚು. ಭಾರ ಇರುವ ನನ್ನ ಬೈಕನ್ನು ಹೊರಗಿನ ಟ್ರೇಗೆ ಹಾಕಿದ್ದೆ. ತೂಕವನ್ನು ದೂರದಿಂದ ಗುಣಿಸಿದೆ. 150 ಪೌಂಡಿನ ಟಂಗ್ ವೆಯ್ಟ್ ಒಂಬತ್ತು ಇಂಚಿನಲ್ಲಿ 1,350. ನನ್ನ ಬೈಕ್ 2,088, ಹೆಂಡತಿಯದು 1,020, ರ‍್ಯಾಕ್ ಸುಮಾರು 970. ಒಟ್ಟು 4,000ಕ್ಕೂ ಮೇಲೆ. ಟ್ರೇಲರಿನ ಲೆಕ್ಕದಲ್ಲಿ ಹಿಚ್ ಮೇಲೆ ಬೀಳಬಹುದಾದ ತಿರುಚುವ ಬಲದ ಮೂರು ಪಟ್ಟು. ಇದೂ ಕಾರು ನಿಂತಾಗಿನ ಲೆಕ್ಕ. ಚಕ್ರ ರಸ್ತೆಯ ಗುಂಡಿಗೆ ಬಿದ್ದರೆ ಇನ್ನೂ ಜಾಸ್ತಿ.

ಸ್ಟಿಯರಿಂಗ್ ಹಗುರ ಆದದ್ದಕ್ಕೂ ಇದೇ ಕಾರಣ. ಹಿಂದಿನ ಚಕ್ರ ನಡುವಿನ ಆಸರೆ, ಅದರ ಹಿಂದೆ ಭಾರ ನೇತು ಹಾಕಿದರೆ ಮುಂದಿನ ಚಕ್ರ ಮೇಲೇಳಲು ನೋಡುತ್ತದೆ. ತಕ್ಕಡಿ ಹಾಗೆ. ನನ್ನ ಕಾರಿನ ಅಳತೆಗೆ ಲೆಕ್ಕ ಹಾಕಿದರೆ ಮುಂದಿನ ಎರಡು ಚಕ್ರಗಳ ಮೇಲಿಂದ ನೂರು ಪೌಂಡಿಗೂ ಸ್ವಲ್ಪ ಜಾಸ್ತಿ ಭಾರ ಎತ್ತಿದ ಹಾಗೆ ಆಗಿತ್ತು. ತಿರುಗಿಸುವುದೂ ಅವೇ ಚಕ್ರ, ಹೆಚ್ಚಿಗೆ ಬ್ರೇಕ್ ಹಿಡಿಯುವುದೂ ಅವೇ.

ಮುಂದೇನು ಅನ್ನುವುದಕ್ಕೆ ಮೂರು ವಾರ ಯೋಚಿಸಿದೆ. ಮೊದಲು ಸೈಕಲ್ಲುಗಳನ್ನು ಹಗುರ ಮಾಡಿದೆ. ಬ್ಯಾಟರಿ ತೆಗೆದು ಕಾರಿನೊಳಗೆ ಇಟ್ಟರೆ ನನ್ನದರಲ್ಲಿ 8 ಪೌಂಡ್ ಕಡಿಮೆ. ಕಬ್ಬಿಣದ ಬೀಗ, ಪಕ್ಕದ ಚೀಲ ತೆಗೆದರೆ ಇನ್ನೂ 5. ಹೀಗೆ 72 ಇದ್ದದ್ದು 59 ಆಯಿತು, ಟ್ರೇ ಮಿತಿಯೊಳಗೆ ಬಂತು. ಹೆಂಡತಿಯದು 51ಕ್ಕೆ ಇಳಿಯಿತು. ಆದರೂ ರ‍್ಯಾಕ್, ಅಡಾಪ್ಟರ್ ಸೇರಿಸಿದರೆ 170. ಇನ್ನೂ 20 ಜಾಸ್ತಿ. ಹಿಂದೆ ಎರಡು ಇ-ಬೈಕ್ ಈ ಕಾರಿಗೆ ಆಗದ ಮಾತು ಅಂತ ಒಪ್ಪಿಕೊಂಡೆ. ಬೇಜಾರಾಯಿತು, ಆದರೆ ಅಂಕಿ ಮುಂದೆ ಬೇಜಾರು ನಡೆಯುವುದಿಲ್ಲ.

ರ‍್ಯಾಕ್ ಮಾರಿ, ಒಂದೂಕಾಲು ಇಂಚಿಗೇ ಹೊಂದುವ ಒಂದೇ ಟ್ರೇ ರ‍್ಯಾಕ್ ತಂದೆ. 30 ಪೌಂಡ್ ತೂಕ. ಕೊಳ್ಳುವ ಮುಂಚೆ ಅದರ ಟ್ರೇ ಮಿತಿ ಓದಿ, 60 ಅಂತ ಖಚಿತ ಮಾಡಿಕೊಂಡೆ. ಅಡಾಪ್ಟರ್ ಬೇಕಿಲ್ಲ, ಹಾಗಾಗಿ ಟ್ರೇ ಎರಡು ಇಂಚು ಹತ್ತಿರ ಬಂತು. ಈಗ ಹಿಂದೆ 89 ಪೌಂಡ್. ದೂರದಿಂದ ಗುಣಿಸಿದರೆ 1,275. ಒಂಬತ್ತು ಇಂಚಿನ 1,350ಕ್ಕಿಂತ ಕಡಿಮೆ. ಆ ಲೆಕ್ಕ ಹಾಳೆಯ ಮೇಲೆ ಕೂತಾಗ ಎಷ್ಟೋ ದಿನದ ಮೇಲೆ ಮನಸ್ಸು ತಣ್ಣಗಾಯಿತು. ಹೆಂಡತಿಯ ಬೈಕು ಕಾರಿನೊಳಗೆ. ಮುಂದಿನ ಚಕ್ರ ಬಿಚ್ಚಿ, ಹಿಂದಿನ ಸೀಟಿನ ಒಂದು ಭಾಗ ಮಡಚಿ, ಹಳೆಯ ಜಮಖಾನ ಹಾಸಿ ಮಲಗಿಸುತ್ತೇನೆ. ಬ್ರೇಕ್ ಹಾಕಿದರೆ ಜಾರದ ಹಾಗೆ ಬೆಲ್ಟಿನಿಂದ ಬಿಗಿಯುತ್ತೇನೆ. ಮಗಳು ಇನ್ನೊಂದು ಭಾಗದಲ್ಲಿ ಕೂರುತ್ತಾಳೆ.

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಪಟ್ಟಿಯ ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಹೇರಬಹುದು ಅಂತ ಅದರಲ್ಲಿದೆ. ಹಿಚ್ ಮೇಲಿನ ಭಾರವೂ ಅದರಲ್ಲೇ ಕಳೆಯುತ್ತದೆ. ಇದನ್ನೂ ಒಮ್ಮೆ ಕೂಡಿ ನೋಡಿ. ಕೆಲವು ಕಾರುಗಳ ಪುಸ್ತಕದಲ್ಲಿ ಸೈಕಲ್ ರ‍್ಯಾಕಿಗೆ ಅಂತಲೇ ಬೇರೆ, ಕಡಿಮೆ ಮಿತಿ ಕೊಟ್ಟಿರುತ್ತಾರೆ. ಇದ್ದರೆ ಅದೇ ನಿಮ್ಮ ಅಂಕಿ. ಇನ್ನು ಸುಮ್ನೆ ಉದ್ದ ಸಾಲದು ಅಂತ ಹಿಚ್‌ಗೆ ಎಕ್ಸ್‌ಟೆನ್ಶನ್ ಹಾಕಬೇಡಿ. ಹಾಕಿದರೆ ಮಿತಿಯನ್ನು ಅರ್ಧ ಅಂತಲೇ ಹಿಡಿಯಿರಿ.

ಆಮೇಲೆ ಮಾಂಟರೆಗೆ ನಾಲ್ಕು ಸಲ ಹೋಗಿ ಬಂದಿದ್ದೇವೆ. ಸ್ಟಿಯರಿಂಗ್ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಆದರೂ ಅದೇ ಬಂಕಿನಲ್ಲಿ ನಿಲ್ಲಿಸುವುದು ರೂಢಿಯಾಗಿದೆ. ಪಿನ್ ಅಲುಗಾಡಿಸಿ, ಟ್ರೇ ಪಟ್ಟಿ ಎಳೆದು, ಕೊಳವೆಯ ಅಂಚಿಗೆ ಬೆರಳು ಸವರಿ ನೋಡುತ್ತೇನೆ. ನಾನು ಮರೆತರೂ, ಬೆಳ್ಳುಳ್ಳಿ ವಾಸನೆ ಕಾರಿನೊಳಗೆ ಬಂದ ತಕ್ಷಣ ಹಿಂದಿನ ಸೀಟಿನಿಂದ ಮಗಳು ಕೂಗುತ್ತಾಳೆ, "ಅಪ್ಪ, ಪಿನ್ನು!"