ಆರೂವರೆಯ ಗೇಟು ಒಂಬತ್ತೂವರೆಗೆ ಹೋದದ್ದು ಹೀಗೆ

ಹೋದ ಜೂನಿನ ಆಡಳಿತ ಮಂಡಳಿ ಸಭೆಯಲ್ಲಿ ನಮ್ಮ ಲೇಡೀಸ್ ಹಾಸ್ಟೆಲ್ಲಿನ ಒಂಬತ್ತೂವರೆ ಗೇಟು, ಅಂದರೆ ರಾತ್ರಿ ಒಂಬತ್ತೂವರೆಗೆ ಕೀಲಿ ಹಾಕುವ ಪದ್ಧತಿ, ಕಾಯಂ ಆಯಿತು. ಠರಾವು ಓದಿ ಮುಗಿಸಲು ಎರಡು ನಿಮಿಷ ಹಿಡಿಯಿತು, ಯಾರೂ ಏನೂ ಕೇಳಲಿಲ್ಲ. ಇದೇ ವಿಷಯಕ್ಕೆ 2019ರಲ್ಲಿ ನನ್ನನ್ನು ಎರಡು ತಾಸು ಜಗ್ಗಾಡಿದವರೂ ಇವರೇ. ಅದಕ್ಕೇ ಬರೆದಿಡೋಣ ಅನ್ನಿಸಿತು. ಧಾರವಾಡದಲ್ಲಾಗಲಿ ಬೇರೆ ಊರಲ್ಲಾಗಲಿ ಟ್ರಸ್ಟಿನ ಹಾಸ್ಟೆಲ್ ನಡೆಸುವವರಿಗೆ ರೆಕ್ಟರ್ ಯಾರು, ಡಿವೈಡಿಂಗ್ ಮೆಸ್ ಅಂದರೇನು ಅಂತ ನಾನು ಹೇಳಬೇಕಾಗಿಲ್ಲ. ಉಳಿದವರಿಗೆ: ರೆಕ್ಟರ್ ಅಂದರೆ ಹಾಸ್ಟೆಲ್ ನೋಡಿಕೊಳ್ಳುವವರು, ಡಿವೈಡಿಂಗ್ ಮೆಸ್ ಅಂದರೆ ತಿಂಗಳ ಖರ್ಚನ್ನು ಉಣ್ಣುವವರೇ ಹಂಚಿಕೊಳ್ಳುವ ಊಟದ ವ್ಯವಸ್ಥೆ. ಅಂಕಿಗಳು ನೆನಪಿನಿಂದ ಬಂದವು, ಹತ್ತಿಪ್ಪತ್ತು ಸಾವಿರ ಆಚೀಚೆ ಇರಬಹುದು.

ನಾನು ಬ್ಯಾಂಕಿನಲ್ಲಿ 31 ವರ್ಷ ದುಡಿದು ಮ್ಯಾನೇಜರಾಗಿ ನಿವೃತ್ತಳಾದವಳು. ಹದಿನಾಲ್ಕು ಟ್ರಸ್ಟಿಗಳಲ್ಲಿ ಹೆಂಗಸು ನಾನೊಬ್ಬಳೇ, ಹಾಗಾಗಿ ಲೇಡೀಸ್ ಹಾಸ್ಟೆಲ್ ತಾನಾಗಿಯೇ ನನ್ನ ಕೊರಳಿಗೆ ಬಿತ್ತು. 168 ಹಾಸಿಗೆ, ಮೂರು ಅಂತಸ್ತು, ಸಂಜೆ ಆರೂವರೆಗೆ ಗೇಟಿಗೆ ಕೀಲಿ. ತಡವಾಗಿ ಬಂದರೆ ₹50 ದಂಡ.

ಮೊದಲ ಸಲ ನಾನು ಮಾಡಿದ್ದು ಶುದ್ಧ ದಡ್ಡತನ. ಕಾಯಿದೆಯ ಕಾಗದ ಹಿಡಿದುಕೊಂಡು ಸಭೆಗೆ ಹೋದೆ. 2016ರ ಮೇ ತಿಂಗಳಲ್ಲಿ ಬಂದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಸ್ಪಷ್ಟವಾಗಿದೆ: ಸುರಕ್ಷತೆಯ ನೆಪ ಹೇಳಿ ಹುಡುಗಿಯರ ಹಾಸ್ಟೆಲ್ಲಿಗೆ ಹುಡುಗರಿಗಿಲ್ಲದ ಕಟ್ಟುಪಾಡು ಹಾಕುವಂತಿಲ್ಲ. ಅದರ ಜತೆಗೆ 2019ರ ಸೆಪ್ಟೆಂಬರಿನಲ್ಲಿ ಬಂದ ಕೇರಳ ಹೈಕೋರ್ಟಿನ ತೀರ್ಪು. ಕೋಝಿಕ್ಕೋಡ್ ಕಡೆಯ ಕಾಲೇಜೊಂದರ ಹಾಸ್ಟೆಲ್ಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರ ತನಕ ಫೋನ್ ಒಪ್ಪಿಸಬೇಕಿತ್ತು. ಒಲ್ಲೆ ಅಂದ ಹುಡುಗಿಯನ್ನು ಹೊರಗೆ ಹಾಕಿದ್ದರು, ಕೋರ್ಟು ಅವಳನ್ನು ವಾಪಸು ಸೇರಿಸಿಕೊಳ್ಳಿ ಅಂದಿತು. ಎರಡನ್ನೂ ಜೆರಾಕ್ಸ್ ಮಾಡಿಸಿ, ಹದಿನಾಲ್ಕು ಫೈಲು ಮಾಡಿ, ಹಳದಿ ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟೆ.

ಅಧ್ಯಕ್ಷರು ಫೈಲನ್ನು ಬಿಚ್ಚಲೇ ಇಲ್ಲ. "ಅಕ್ಕಾರ, ಯುಜಿಸಿಯವ್ರು ಬಂದು ನಮ್ಮ ಗೇಟ್ ಕಾಯ್ತಾರೇನ್ರಿ? ನಾಳೆ ಏನರ ಹೆಚ್ಚುಕಮ್ಮಿ ಆತಂದ್ರ ಊರ ಮಂದಿ ಬಂದು ಕುಂದ್ರೋದು ನಮ್ಮ ಕಟ್ಟೀ ಮ್ಯಾಗ." ಪಕ್ಕದವರು, "ಅದು ಕೇರಳ ಬಿಡ್ರಿ" ಅಂದರು. ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು. ಹೀಗೆ ಮೂರು ಸಲ ಇಟ್ಟರು. ಅಷ್ಟರಲ್ಲಿ ಕೊರೋನಾ ಬಂತು, ಹಾಸ್ಟೆಲ್ಲೇ ಖಾಲಿಯಾಯಿತು.

ಮತ್ತೆ ತೆರೆದ ಮೇಲೆ ಎರಡನೇ ತಪ್ಪು ಮಾಡಿದೆ: ಬಯೋಮೆಟ್ರಿಕ್. ಯಂತ್ರ ನೋಡಿದರೆ ಹಿರಿಯರಿಗೆ ಧೈರ್ಯ ಬರುತ್ತದೆ ಅನ್ನೋದು ನನ್ನ ಲೆಕ್ಕ. ಧೈರ್ಯವೇನೋ ಬಂತು, ಏಳೂವರೆ ತನಕ ಗೇಟು ತೆರೆಯಲು ಒಪ್ಪಿದರು. ಮಷೀನು, ಸಾಫ್ಟ್‌ವೇರು, ಅಪ್ಪಂದಿರ ಫೋನಿಗೆ ತಾನಾಗಿಯೇ ಮೆಸೇಜು, ಎಲ್ಲ ಸೇರಿ ₹46,000. ಬಟ್ಟೆ ಒಗೆದು ಬಂದ ಬೆರಳು ಹತ್ತಲಿಲ್ಲ, ಮದರಂಗಿ ಹಚ್ಚಿದ ಬೆರಳು ಹತ್ತಲಿಲ್ಲ. ಕರೆಂಟು ಹೋದರೆ ಮತ್ತೆ ಚಾಲೂ ಆಗಲು ಹತ್ತು ನಿಮಿಷ. ಏಳೂಕಾಲಿಗೆ ಗೇಟಿನ ಮುಂದೆ ಪಡಿತರ ಅಂಗಡಿಯಷ್ಟು ಸಾಲು. ಒಳಗೆ ಬರಲಿ ಅಂತ ಮಾಡಿದ ಯಂತ್ರ ಹುಡುಗಿಯರನ್ನು ಕತ್ತಲಲ್ಲಿ ಹೊರಗೇ ನಿಲ್ಲಿಸಿತು.

ಆ ರಾತ್ರಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಿ.ಇಡಿ. ಓದುವ ಒಂದು ಹುಡುಗಿ ಬೆರಳು ಒತ್ತಿ ಒಳಗೆ ಬಂದು, ಊಟ ಮಾಡಿ ಮಲಗಿದ್ದಳು. ಮಷೀನು ಅದನ್ನು ಹಿಡಿದಿರಲಿಲ್ಲ. ಹತ್ತು ಗಂಟೆಗೆ ಅವಳ ಅಪ್ಪನಿಗೆ ಮೆಸೇಜು ಹೋಯಿತು: ನಿಮ್ಮ ಮಗಳು ಹಾಸ್ಟೆಲ್ಲಿಗೆ ಬಂದಿಲ್ಲ. ಅವಳ ಫೋನು ಚಾರ್ಜಿಗೆ ಇಟ್ಟು ಬಂದ್ ಆಗಿತ್ತು, ರೆಕ್ಟರ್ ಫೋನ್ ಎತ್ತಲಿಲ್ಲ. ಆ ಮನುಷ್ಯ ರೋಣದ ಕಡೆಯ ಹಳ್ಳಿಯಿಂದ ಬೈಕ್ ಹತ್ತಿ ರಾತ್ರಿ ಒಂದು ಗಂಟೆಗೆ ಗೇಟಿಗೆ ಬಂದ. ನನ್ನನ್ನು ಎಬ್ಬಿಸಿ ಕರೆಸಿದರು. ತಲೆಗೆ ಟವೆಲ್ ಸುತ್ತಿಕೊಂಡು, ಮೈಯೆಲ್ಲ ಧೂಳಾಗಿ ನಿಂತಿದ್ದ. "ಬಾಯಾರ, ನನ್ನ ಮಗಳು ಅದಾಳೋ ಇಲ್ಲೋ ಅಷ್ಟ ಹೇಳ್ರಿ." ಮಗಳು ನಿದ್ದೆಗಣ್ಣಲ್ಲೇ ಕೆಳಗೆ ಬಂದಳು. ಆತ ಬೈಯಲಿಲ್ಲ. ಬೈದಿದ್ದರೆ ನನಗೆ ಚಲೋ ಇತ್ತು. ಕಟ್ಟೆಯ ಮೇಲೆ ಕೂತು ನೀರು ಕುಡಿದು, ಬೆಳಗಿನ ತನಕ ಅಲ್ಲೇ ಕೂತಿದ್ದು ಹೋದ.

ಮುಂದಿನ ಸಭೆಯಲ್ಲಿ ಮಷೀನು ಕಿತ್ತರು, ಏಳೂವರೆಯನ್ನೂ ಕಿತ್ತರು. ಆರೂವರೆ ವಾಪಸು.

ಅಲ್ಲಿಗೆ ನಾನು ಸುಮ್ಮನಾಗುತ್ತಿದ್ದೆನೇನೋ. ಆದರೆ ಬ್ಯಾಲೆನ್ಸ್ ಶೀಟ್ ನೋಡುವ ಚಟ ಬಿಡಬೇಕಲ್ಲ. 2023ರ ಮಾರ್ಚಿನಲ್ಲಿ ಲೆಕ್ಕ ತೆಗೆದರೆ 168ರಲ್ಲಿ ಅರವತ್ತರ ಹತ್ತಿರ ಹಾಸಿಗೆ ಖಾಲಿ. ಕೋಣೆ ಬಾಡಿಗೆ ವರ್ಷಕ್ಕೆ ₹14,000 ಅಂತ ಹಿಡಿದರೂ ಎಂಟೂವರೆ ಲಕ್ಷ ಹೊಡೆತ. ಹುಡುಗಿಯರು ಎಲ್ಲಿ ಹೋದರು? ಸಪ್ತಾಪುರಕ್ಕೆ, ನಮ್ಮೂರಿನ ಕೋಚಿಂಗ್ ಸೆಂಟರುಗಳ ಬಡಾವಣೆಗೆ. ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗು ರಾತ್ರಿ ಎಂಟರ ತನಕ ಇರುತ್ತದೆ. ನಮ್ಮ ಕೀಲಿಗೆ ಹೆದರಿ ಅವರು ಎರಡು ಪಟ್ಟು ರೊಕ್ಕ ಕೊಟ್ಟು, ಗೇಟೂ ಇಲ್ಲದ ರೆಕ್ಟರೂ ಇಲ್ಲದ ಖಾಸಗಿ ಪಿಜಿಗಳಲ್ಲಿ ಇದ್ದರು. ಅಂದರೆ ನಮ್ಮ ಶಿಸ್ತು ಕಾಯುತ್ತಿದ್ದದ್ದು ಖಾಲಿ ಹಾಸಿಗೆಗಳನ್ನು.

ಈ ಸಲ ಅಜೆಂಡಾದಲ್ಲಿ ಗೇಟಿನ ಮಾತೇ ಎತ್ತಲಿಲ್ಲ. "ವಿಷಯ 7: ಹಾಸ್ಟೆಲ್ ಕೊರತೆ ಮತ್ತು ಖಾಲಿ ಹಾಸಿಗೆ" ಅಂತ ಹಾಕಿಸಿದೆ. ಕೊರತೆ ತುಂಬಲು ಟ್ರಸ್ಟಿಗಳು ತಲಾ ಅರವತ್ತು ಸಾವಿರ ಹಾಕಬೇಕು, ಇಲ್ಲವೇ ತೊಂಬತ್ತು ದಿನ ನನ್ನ ಪ್ರಯೋಗಕ್ಕೆ ಬಿಡಬೇಕು ಅಂದೆ: ಗೇಟು ಒಂಬತ್ತೂವರೆಗೆ, ತಡವಾಗಿ ಬಂದವರ ಲೆಕ್ಕ ಒಂದು ವಹಿಯಲ್ಲಿ. ಎಂಟು ಮಂದಿ ಹೂಂ, ಐದು ಮಂದಿ ಊಹೂಂ, ಒಬ್ಬರು ತಟಸ್ಥ. ಊಹೂಂ ಅಂದವರು ತಮ್ಮ ವಿರೋಧವನ್ನು ಪ್ರೊಸೀಡಿಂಗ್ಸಿನಲ್ಲಿ ಬರೆಸಿದರು. ಅಧ್ಯಕ್ಷರು ಹೂಂ ಕಡೆಗೆ ಬಂದದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಸಭೆಯ ಹಿಂದಿನ ಭಾನುವಾರ ಅವರ ಮನೆಗೆ ಹೋಗಿ ಒಂದು ಹಾಳೆ ತೋರಿಸಿದ್ದೆ. ಅದರಲ್ಲಿ ಏನಿತ್ತು ಅನ್ನೋದು ನನ್ನ ಹತ್ತಿರವೇ ಇರಲಿ.

ಹುಡುಗರ ಹಾಸ್ಟೆಲ್ಲಿಗೂ ಇದೇ ಗೇಟು, ಇದೇ ವಹಿ ಅಂದಾಗ ಮಾತ್ರ ಗದ್ದಲ ಎದ್ದಿತು. ನಾಲ್ಕೈದು ಟ್ರಸ್ಟಿಗಳು ಅದೇ ಹಾಸ್ಟೆಲ್ಲಿನಲ್ಲಿ ಓದಿದವರು. "ನಿಮ್ಮ ಕಾಲಕ್ಕ ಸೆಕೆಂಡ್ ಶೋ ಬಿಟ್ಟ ಮ್ಯಾಲೆ ಕಂಪೌಂಡ್ ಹತ್ತಿ ಬರ್ತಿದ್ದವ್ರು ಯಾರ್ರಿ?" ಅಂತ ಕೇಳಿದೆ. ಇಬ್ಬರು ನಕ್ಕರು, ಮೂರನೆಯವರು ಚಹಾ ತರಿಸಿದರು.

ಈಗ ವಿಧಾನ. ದಂಡ ತೆಗೆದೆ. ವರ್ಷಕ್ಕೆ ಹದಿನೆಂಟು ಸಾವಿರ ಬರುತ್ತಿತ್ತು, ಕ್ಲಾರ್ಕಿಗೆ ಹೊಟ್ಟೆಯುರಿ. ಆದರೆ ₹50 ಕೊಟ್ಟ ಹುಡುಗಿ ಟಿಕೆಟ್ ತೆಗೆದುಕೊಂಡ ಹಾಗೆ ಎದೆ ಸೆಟೆಸಿ ಒಳಗೆ ಹೋಗುತ್ತಿದ್ದಳು. ಅದರ ಬದಲು ಪ್ರತಿ ಅಂತಸ್ತಿಗೆ ತಿಂಗಳಿಗೆ ಇಷ್ಟು ತಾಸು ಅಂತ ಖಾತೆ ತೆರೆದೆ. ಒಂಬತ್ತೂವರೆ ದಾಟಿದ ಪ್ರತಿ ನಿಮಿಷ ಆ ಅಂತಸ್ತಿನ ಖಾತೆಯಿಂದ ಖರ್ಚು. ಖಾತೆ ಬರಿದಾದರೆ ತಿಂಗಳು ಮುಗಿಯುವ ತನಕ ಇಡೀ ಅಂತಸ್ತಿಗೆ ಎಂಟು ಗಂಟೆ. ವಹಿ ಬರೆಯುವವರು ರೆಕ್ಟರಲ್ಲ, ಹುಡುಗಿಯರೇ, ವಾರಕ್ಕೊಬ್ಬರಂತೆ. ತಾಸು ಎಷ್ಟು ಅಂತ ಗೊತ್ತುಮಾಡುವ ಸೂತ್ರವೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಹೆಚ್ಚು ಕೊಟ್ಟರೆ ಕಿಮ್ಮತ್ತಿಲ್ಲ, ಕಡಿಮೆ ಕೊಟ್ಟರೆ ಜಗಳ. ನನಗೆ ಸರಿಯಾದ ಅಂಕಿ ಸಿಗಲು ಐದು ತಿಂಗಳು ಹಿಡಿಯಿತು.

ಮೊದಲ ತಿಂಗಳು ಎಡವಿದ್ದೂ ಇದರಲ್ಲೇ. ಎಂ.ಎಸ್ಸಿ. ಹುಡುಗಿಯೊಬ್ಬಳು ಲ್ಯಾಬ್ ಮುಗಿಸಿ ತಡವಾಗಿ ಬಂದು ಅರ್ಧ ಖಾತೆ ಖಾಲಿ ಮಾಡಿದಳು. ಅಂತಸ್ತಿನವರು ಅವಳ ಜತೆ ಮಾತು ಬಿಟ್ಟರು. ಅವಳು ಊಟಕ್ಕೇ ಬರುತ್ತಿರಲಿಲ್ಲ. ಆ ಮೇಲೆ ಲ್ಯಾಬು, ದವಾಖಾನೆ, ಬಸ್ಸು ಕೆಟ್ಟದ್ದು, ಇವು ಲೆಕ್ಕಕ್ಕಿಲ್ಲ ಅಂತ ಮಾಡಿದೆವು. ಫೋನ್ ಮಾಡಿ ಹೇಳಿದರೆ ಸಾಕು. ಸುಳ್ಳು ಹೇಳುವುದಿಲ್ಲವೇ ಅಂತ ಕೇಳುತ್ತೀರಿ. ಹೇಳುತ್ತಾರೆ. ವಹಿ ಬರೆಯುವ ಗೆಳತಿಗೆ ಅದು ನನಗಿಂತ ಮೊದಲೇ ಗೊತ್ತಿರುತ್ತದೆ.

ಇನ್ನೊಂದು ಮಾತು ನನಗೆ ಹೊಳೆದಿರಲಿಲ್ಲ, ಹುಡುಗಿಯರೇ ಹೇಳಿದರು. "ಗೇಟಿಂದಲ್ಲರಿ ಮೇಡಂ ತ್ರಾಸು, ಆ ದಾರೀದು." ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಸ್ಟಾಪಿನಿಂದ ಹಾಸ್ಟೆಲ್ಲಿಗೆ ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು, ನಡುವೆ ಒಂದೇ ಒಂದು ದೀಪ. ಇಪ್ಪತ್ತು ವರ್ಷ ಗೇಟಿನ ಬಗ್ಗೆ ಚರ್ಚಿಸಿದ ಮಂಡಳಿಯಲ್ಲಿ ಒಬ್ಬರೂ ಆ ದಾರಿಯಲ್ಲಿ ರಾತ್ರಿ ನಡೆದವರಲ್ಲ, ನಾನೂ ಸೇರಿದಂತೆ. ನಮ್ಮ ಕಂಪೌಂಡಿಗೆ ಹೊರಮುಖವಾಗಿ ಮೂರು ಫೋಕಸ್ ಲೈಟ್ ಹಾಕಿಸಿದ್ದಕ್ಕೆ ₹38,000 ಹೋಯಿತು. ರಾತ್ರಿ ಪಾಳಿಗೆ ಇನ್ನೊಬ್ಬ ಹೆಣ್ಣುಮಗಳನ್ನು ಕಾವಲಿಗೆ ಇಟ್ಟೆವು, ತಿಂಗಳಿಗೆ ₹13,000. ಸ್ಟಾಪಿನ ನಾಲ್ಕು ಆಟೋದವರ ಜತೆಗೂ ಒಂದು ಒಪ್ಪಂದ ಮಾಡಿಕೊಂಡೆ.

ನಡುವೆ ಆಡಿಟರು ಹೆದರಿಸಿದರು. ಬೇರೆ ಕಾಲೇಜಿನ, ಕೋಚಿಂಗಿನ ಹುಡುಗಿಯರನ್ನು ತೆಗೆದುಕೊಂಡರೆ ಜಿಎಸ್‌ಟಿ ಪ್ರಶ್ನೆ ಬರುತ್ತದೆ ಅಂತ. ದಿನಕ್ಕೆ ಸಾವಿರ ರೂಪಾಯಿಯೊಳಗಿನ ವಸತಿಗೆ ಇದ್ದ ವಿನಾಯಿತಿ 2022ರ ಜುಲೈನಲ್ಲೇ ಹೋಗಿತ್ತು, ಖಾಸಗಿ ಹಾಸ್ಟೆಲ್ಲಿನವರಿಗೆ 12% ಬೀಳುತ್ತಿತ್ತು. ಒಂದು ವರ್ಷ ಆ ಹುಡುಗಿಯರ ಅಡ್ವಾನ್ಸಿನಲ್ಲಿ ಒಂದಿಷ್ಟು ಬೇರೆಯೇ ಎತ್ತಿಟ್ಟೆ. 2024ರ ಜುಲೈ 15ರಿಂದ ತಿಂಗಳಿಗೆ ₹20,000 ಒಳಗಿನ, ತೊಂಬತ್ತು ದಿನ ಬಿಡದೆ ಇರುವ ವಸತಿಗೆ ವಿನಾಯಿತಿ ಸಿಕ್ಕಿತು. ನಮ್ಮ ಬಾಡಿಗೆ ಅದರ ಹತ್ತಿರಕ್ಕೂ ಇಲ್ಲ. ಎರಡು ತಿಂಗಳಿಗೆ ಅಂತ ಬರುವವರನ್ನು ಅಂದಿನಿಂದ ತೆಗೆದುಕೊಳ್ಳುವುದಿಲ್ಲ.

ಗೇಟಿನ ಜತೆ ಅಡಿಗೆಮನೆಗೂ ಕೈ ಹಾಕಿದೆ, ಸುಮ್ಮನಿರಲಾರದೆ. ರೊಟ್ಟಿ ಮಷೀನಿನ ಡೆಮೊ ಮಾಡಿಸಿದೆ. ಮೊದಲ ರೊಟ್ಟಿ ಚಲೋ ಬಂತು, ಮೂವತ್ತನೆಯದು ರಟ್ಟಾಗಿ ಬಂತು. ಹಿರಿಯ ಅಡಿಗೆಯವಳು ಅದನ್ನು ಕೈಯಲ್ಲಿ ಹಿಡಿದು ಗೋಡೆಗೆ ಬಡಿದು ತೋರಿಸಿದಳು. ಈಗ ಓಣಿಯ ಮೂವರು ಹೆಂಗಸರು ಬಡಿದು ಕೊಡುತ್ತಾರೆ, ಒಂದಕ್ಕೆ ಆರೇಳು ರೂಪಾಯಿ. ಊಟ ಬೇಡ ಅನ್ನುವವರು ಮಧ್ಯಾಹ್ನ ನಾಲ್ಕರೊಳಗೆ ಅದೇ ವಹಿಯಲ್ಲಿ ಗುರುತು ಹಾಕಬೇಕು. ಇಷ್ಟರಿಂದಲೇ ಬಕೆಟ್ಟಿಗೆ ಬೀಳುವ ಅನ್ನ ಅರ್ಧಕ್ಕಿಳಿದು, ತಿಂಗಳ ಮೆಸ್ ಬಿಲ್ಲು ₹3,100ರಿಂದ ₹2,700ರ ಆಸುಪಾಸಿಗೆ ಬಂತು. ಎಲೆಕ್ಟ್ರಿಕ್ ಕೆಟಲ್ ಜಪ್ತಿ ಮಾಡುವುದನ್ನು ಬಿಟ್ಟು ಅಂತಸ್ತಿಗೊಂದು ಇಂಡಕ್ಷನ್ ಒಲೆ ಕೊಟ್ಟೆ. ಕರೆಂಟು ಬಿಲ್ಲು ಇಳಿಯಲಿಲ್ಲ, ಫ್ಯೂಸ್ ಹಾರುವುದು ನಿಂತಿತು. ಪ್ರಾರ್ಥನಾ ಹಾಲನ್ನು ರಾತ್ರಿಯಿಡೀ ಓದುವ ಕೋಣೆ ಮಾಡಲು ₹1.4 ಲಕ್ಷ ಸುರಿದೆ. ಪರೀಕ್ಷೆಯ ತಿಂಗಳು ಬಿಟ್ಟರೆ ಅಲ್ಲಿ ಓದುವವರಿಗಿಂತ ಫೋನ್ ಮಾತಾಡುವವರೇ ಹೆಚ್ಚು. ಅದು ನನ್ನ ಸೋಲು, ಒಪ್ಪುತ್ತೇನೆ.

ಹುಡುಗರ ಹಾಸ್ಟೆಲ್ಲಿನಲ್ಲಿ ವಹಿ ಇನ್ನೂ ನಿಂತಿಲ್ಲ. ಎಲ್ಲರೂ ಎಲ್ಲರದನ್ನೂ 9.25 ಅಂತ ಬರೆಯುತ್ತಾರೆ. ಒಂದು ದಿನ ವಹಿಯಲ್ಲಿ 9.25ಕ್ಕೆ ಒಳಗೆ ಬಂದ ಹುಡುಗನೊಬ್ಬ ನನಗೆ ಹತ್ತೂಕಾಲಿಗೆ ಜುಬಿಲಿ ಸರ್ಕಲ್ಲಿನಲ್ಲಿ ನಮಸ್ಕಾರ ಮಾಡಿದ.

ನಮ್ಮದರಲ್ಲಿ ಮೊದಲ ವರ್ಷದ ಹೆಚ್ಚುವರಿ ಖರ್ಚು ಎಲ್ಲ ಸೇರಿ ಮೂರೂಕಾಲು ಲಕ್ಷ, ತುಂಬಿದ ಹಾಸಿಗೆಯಿಂದ ಬಂದದ್ದು ಏಳರ ಮೇಲೆ. ಈಗ ಏಳೆಂಟು ಹಾಸಿಗೆ ಖಾಲಿ ಇದ್ದರೆ ಹೆಚ್ಚು, ಜುಲೈನಲ್ಲಿ ಮೂವತ್ತು ಮಂದಿ ವೇಟಿಂಗ್ ಇದ್ದರು. ಎರಡು ವರ್ಷದಲ್ಲಿ ಒಂದು ಪೊಲೀಸ್ ದೂರಿಲ್ಲ. ಅಂದು ವಿರೋಧ ಬರೆಸಿದ್ದ ಹಿರಿಯರೊಬ್ಬರು ವಾರ್ಷಿಕ ವರದಿಯಲ್ಲಿ ಇದನ್ನು ಆಡಳಿತ ಮಂಡಳಿಯ ದೂರದೃಷ್ಟಿ ಅಂತ ಬರೆಸಿದ್ದಾರೆ. ಹಳೆಯ ಪ್ರೊಸೀಡಿಂಗ್ಸ್ ಪುಸ್ತಕ ನನ್ನ ಕಪಾಟಿನಲ್ಲೇ ಇದೆ.

ಇದನ್ನು ಬರೆಯುವಾಗ ಹುಬ್ಬಳ್ಳಿಯಲ್ಲಿ ಗಣಪತಿ ಕೂತಿದ್ದಾನೆ. ಎರಡನೇ ಅಂತಸ್ತಿನವರು ಚಿಗರಿ ಹತ್ತಿ ಹೋಗಿ ಹೋಗಿ ಪೆಂಡಾಲು ನೋಡಿ, ತಿಂಗಳ ತಾಸನ್ನೆಲ್ಲ ಒಂದೇ ವಾರದಲ್ಲಿ ಮುಗಿಸಿಕೊಂಡಿದ್ದಾರೆ. ಒಂದನೇ ಅಂತಸ್ತಿನವರ ಹತ್ತಿರ ಆರು ತಾಸು ಉಳಿದಿದೆ, ಅದನ್ನು ಸಾಲ ಕೊಡಿಸಿ ಅಂತ ನಿನ್ನೆ ನನ್ನ ಮನೆತನಕ ಬಂದಿದ್ದರು. ಒಂದನೇ ಅಂತಸ್ತಿನವರು ಕೊಡಲು ತಯಾರಿದ್ದಾರೆ, ಬಡ್ಡಿ ಎಷ್ಟು ಹಾಕಬೇಕು ಅಂತ ನನ್ನನ್ನು ಕೇಳುತ್ತಿದ್ದಾರೆ.